ಕೇಳಿ ಕಲಿಯುವ ಪಾಠ: ಯಾವ ಮಕ್ಕಳಿಗೆ, ಹೇಗೆ?

ಹಿಂದೆ ಪಾಠವೆಂದರೆ ಶಾಲೆಯ ಕರಿಹಲಗೆ, ಮೇಷ್ಟರ ಮಾತು, ಕೈಯಲ್ಲೊಂದು ಪುಸ್ತಕ ಇಷ್ಟೇ ಆಗಿದ್ದಿತು. ಈಗ ಇವುಗಳ ಜೊತೆಗೆ ಮತ್ತೊಂದು ಸೇರಿದೆ. ಮನೆಯಲ್ಲಿರುವ ಮೊಬೈಲ್ ಫೋನಿನಲ್ಲಿ ವಿಜ್ಞಾನ, ಚರಿತ್ರೆ, ಇಂಗ್ಲಿಷ್, ವ್ಯವಸಾಯ ಮುಂತಾದ ವಿಷಯಗಳ ಮೇಲೆ ಮಾತಿನ ಪಾಠಗಳು ದೊರೆಯುತ್ತವೆ. ಇವಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ಇದು ರೇಡಿಯೋ ಭಾಷಣದಂತೆಯೇ. ಆದರೆ ಗೊತ್ತಾದ ವೇಳೆಗೆ ಕಾಯಬೇಕಾಗಿಲ್ಲ. ಬೇಕೆಂದಾಗ ಹಾಕಬಹುದು, ನಡುವೆ ನಿಲ್ಲಿಸಬಹುದು, ಹಿಂದಕ್ಕೆ ತಂದು ಮತ್ತೆ ಕೇಳಬಹುದು.

ಧ್ವನಿಯ ಮೂಲಕ ತಿಳಿವಳಿಕೆ ಹರಡುವುದು ನಮಗೇನೂ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಪ್ರಾರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದಿಂದಲೇ ಬಳಕೆಗೆ ಬಂದಿತು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಈಗ ಎಷ್ಟೋ ತಾಯಿತಂದೆಯರು ಕೇಳುವ ಪ್ರಶ್ನೆ ಇದು: "ನಮ್ಮ ದೊಡ್ಡವನು ಒಂದು ಸಲ ಕೇಳಿದರೆ ಸಾಕು, ಹೇಳಿಬಿಡುತ್ತಾನೆ. ಚಿಕ್ಕವಳಿಗೆ ಎಷ್ಟು ಕೇಳಿಸಿದರೂ ತಲೆಗೆ ಹತ್ತುವುದಿಲ್ಲ. ಇದೇಕೆ?" ಕೆಲವರು ಇಷ್ಟಕ್ಕೇ ನಿಲ್ಲದೆ, "ಇವನು ಕೇಳಿ ಕಲಿಯುವವನು, ಪುಸ್ತಕ ಇವನಿಗೆ ಆಗದು", "ಇವಳಿಗೆ ಓದು ಹತ್ತದು, ಕೈಕೆಲಸವೇ ಸರಿ" ಎಂದು ತೀರ್ಮಾನವನ್ನೇ ಮಾಡಿಬಿಡುವುದುಂಟು. ಅಂಥ ಒಂದು ಮಾತಿನಿಂದ ಮಗುವಿನ ಓದು ನಿಂತುಹೋಗಬಹುದು. ಆದುದರಿಂದ ಈ ವಿಷಯದಲ್ಲಿ ಪರೀಕ್ಷೆಗಳಿಂದ ತಿಳಿದುಬಂದಿರುವುದೇನು ಎಂಬುದನ್ನು ಅರಿತುಕೊಳ್ಳುವುದು ಅಗತ್ಯ.

ಜನರು ನಂಬಿರುವುದೇನು?

ಮಕ್ಕಳಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಕೈಯಿಂದ ಮಾಡಿ ಕಲಿಯುವವರು ಎಂದು ಬಗೆಗಳಿವೆ ಎಂಬ ವಿಚಾರ ಶಿಕ್ಷಣ ಕ್ಷೇತ್ರದಲ್ಲಿ ಬಹಳ ಪ್ರಚಾರಕ್ಕೆ ಬಂದಿದೆ. ಹೀಗೆ ನಾಲ್ಕು ಬಗೆಗಳನ್ನು ಹೇಳಿ, ಯಾರು ಯಾವ ಬಗೆಯವರೆಂದು ಕಂಡುಕೊಳ್ಳಲು ಪ್ರಶ್ನಾವಳಿಯನ್ನು ಸಿದ್ಧಪಡಿಸಿದವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ಮಗುವಿನ ಬಗೆ ಯಾವುದೋ ಅದೇ ರೀತಿಯಲ್ಲಿ ಪಾಠ ಹೇಳಿದರೆ ಅದು ಹೆಚ್ಚು ಕಲಿಯುತ್ತದೆ ಎಂಬುದು ಈ ವಿಚಾರವನ್ನು ಒಪ್ಪುವ ಅನೇಕರ ನಂಬಿಕೆ. ಹಾಗಿದ್ದರೆ ಪಾಡ್‌ಕಾಸ್ಟ್ ಕೇಳಿ ಕಲಿಯುವ ಮಕ್ಕಳಿಗೆ ಮಾತ್ರ ಪ್ರಯೋಜನಕರ, ಉಳಿದವರಿಗೆ ವ್ಯರ್ಥ ಎಂದಾಗಬೇಕು.

ಇದು ನಿಜವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಜೋಳದ ತಳಿ ಎರೆಮಣ್ಣಿಗೂ ಇನ್ನೊಂದು ತಳಿ ಕೆಂಪುಮಣ್ಣಿಗೂ ಒಗ್ಗುತ್ತದೆಂದು ಯಾರಾದರೂ ಹೇಳಿದರೆ ನೀವೇನು ಮಾಡುವಿರಿ? ಎರಡೂ ತಳಿಗಳನ್ನು ಎರಡೂ ಮಣ್ಣಿನ ತಾಕುಗಳಲ್ಲಿ ಬಿತ್ತಿ ಇಳುವರಿಯನ್ನು ತೂಗಿ ನೋಡುವಿರಿ. ಒಂದನೆಯ ತಳಿ ಎರೆಯಲ್ಲಿ ಗೆದ್ದು, ಎರಡನೆಯದು ಕೆಂಪಿನಲ್ಲಿ ಗೆದ್ದರೆ ಮಾತ್ರ ಆ ಮಾತು ಸತ್ಯ. ಮಕ್ಕಳ ವಿಷಯದಲ್ಲಿಯೂ ಹಾಗೆಯೇ. 'ಕೇಳುವ ಬಗೆ'ಯವರಲ್ಲಿ ಅರ್ಧ ಜನಕ್ಕೆ ಕೇಳಿಸಿ, ಅರ್ಧ ಜನಕ್ಕೆ ಓದಿಸಿ, 'ಓದುವ ಬಗೆ'ಯವರಲ್ಲಿಯೂ ಹಾಗೆಯೇ ಮಾಡಿ, ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟು ನೋಡಬೇಕು.

ಪರೀಕ್ಷೆಯಿಂದ ಕಂಡದ್ದೇನು?

2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗೆ ಈ ಬಗ್ಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಹೀಗೆ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದವು ಬಹಳ ಕಡಿಮೆ ಎಂದೂ, ಮಗುವಿನ ಬಗೆಗೆ ತಕ್ಕಂತೆ ಪಾಠವನ್ನು ಹೊಂದಿಸಬೇಕೆನ್ನಲು ಸಾಕಷ್ಟು ಆಧಾರವಿಲ್ಲವೆಂದೂ ಅವರು ತಿಳಿಸಿದರು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೇರವಾಗಿ ನಮ್ಮ ಪ್ರಶ್ನೆಗೇ ಸಂಬಂಧಿಸಿದ್ದು. ಅದರಲ್ಲಿ ಕೆಲವರಿಗೆ ಪುಸ್ತಕವನ್ನು ಧ್ವನಿಯಲ್ಲಿ ಕೇಳಿಸಲಾಯಿತು, ಕೆಲವರಿಗೆ ಅದೇ ಪುಸ್ತಕವನ್ನು ಓದಲು ಕೊಡಲಾಯಿತು. "ನನಗೆ ಕೇಳುವುದೇ ಇಷ್ಟ" ಎಂದವರು ಕೇಳಿದ್ದರಿಂದ ಹೆಚ್ಚು ಕಲಿತರೆಂದು ಕಂಡುಬರಲಿಲ್ಲ. "ನನಗೆ ಓದುವುದೇ ಇಷ್ಟ" ಎಂದವರು ಓದಿದ್ದರಿಂದ ಹೆಚ್ಚು ಕಲಿತರೆಂದೂ ಕಂಡುಬರಲಿಲ್ಲ.

ಇದರ ಅರ್ಥ ಮಕ್ಕಳೆಲ್ಲರೂ ಒಂದೇ ಎಂದಲ್ಲ. ಇಷ್ಟಗಳು ಬೇರೆ ಬೇರೆ ಇರುವುದು ನಿಜ. ಆದರೆ ನಾಲಿಗೆಗೆ ಇಷ್ಟವಾದದ್ದೆಲ್ಲ ಮೈಗೆ ಹಿಡಿಯುವುದಿಲ್ಲವಷ್ಟೆ? ಹಾಗೆಯೇ ಇಷ್ಟಪಟ್ಟು ಕೇಳಿದ್ದೆಲ್ಲ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ವ್ಯತ್ಯಾಸವೇಕೆ?

ಒಂದೇ ಪಾಠವನ್ನು ಕೇಳಿದ ಇಬ್ಬರಲ್ಲಿ ಒಬ್ಬರಿಗೆ ತಿಳಿದು ಇನ್ನೊಬ್ಬರಿಗೆ ತಿಳಿಯದಿರಲು ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು, ಮೊದಲೇ ಇರುವ ತಿಳಿವಳಿಕೆ. ಕಾಯಿಕೊರಕದ ಮೇಲಿನ ಭಾಷಣವನ್ನು ನೀವು ಒಮ್ಮೆ ಕೇಳಿದರೆ ಅರ್ಥವಾಗುತ್ತದೆ, ಏಕೆಂದರೆ ಹುಳುವನ್ನೂ ಕಾಯಿಯನ್ನೂ ತೂತನ್ನೂ ನೀವು ಕಣ್ಣಾರೆ ಕಂಡಿದ್ದೀರಿ. ಪಟ್ಟಣದ ಪದವೀಧರನಿಗೆ ಅದೇ ಭಾಷಣ ಬರಿಯ ಶಬ್ದ. ಅವನ ಕಿವಿಯಲ್ಲಿ ದೋಷವಿಲ್ಲ. ಮಾತನ್ನು ಹಿಡಿದು ನಿಲ್ಲಿಸುವ ನೆಲೆ ಅವನ ಮನಸ್ಸಿನಲ್ಲಿಲ್ಲ. ದೊಡ್ಡ ಮಗನಿಗೆ ಬೇಗ ತಿಳಿದು ಚಿಕ್ಕವಳಿಗೆ ತಿಳಿಯದಿರುವುದು ಎಷ್ಟೋ ಸಲ ಈ ಕಾರಣದಿಂದಲೇ.

ಎರಡನೆಯದು, ಭಾಷೆ. ಮನೆಯ ಮಾತು ಒಂದು, ಪಾಠದ ಮಾತು ಇನ್ನೊಂದು ಆಗಿ, ಹೊಸ ಪದಗಳು ಮೇಲಿಂದ ಮೇಲೆ ಬಂದರೆ ಮಗು ಪದವನ್ನೇ ಹಿಡಿಯುತ್ತ ಕೂರುತ್ತದೆ. ಅಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ.

ಮೂರನೆಯದು, ಗಮನ. ಪಾಠ ಕೇಳುತ್ತಲೇ ಫೋನಿನಲ್ಲಿ ಬೇರೇನನ್ನೋ ನೋಡುವ ಮಗುವಿಗೆ ಎರಡೂ ದಕ್ಕುವುದಿಲ್ಲ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದೆಂದರೆ ಇದೇ.

ಮಾತಿನ ಪಾಠದ ಗುಣ ಮತ್ತು ದೋಷ

ಪುಸ್ತಕದ ಅಕ್ಷರ ಕಾಗದದ ಮೇಲೆ ನಿಂತಿರುತ್ತದೆ. ಮಾತಾದರೋ ಕಾಲುವೆಯ ನೀರಿನಂತೆ ಹರಿದುಹೋಗುತ್ತದೆ. ಓದುವವನು ತಿಳಿಯದ ಸಾಲಿಗೆ ತಾನಾಗಿಯೇ ಹಿಂದಿರುಗುತ್ತಾನೆ. ಕೇಳುವವನು ಹಿಂದಿರುಗಬೇಕಾದರೆ ಪಾಠವನ್ನು ನಿಲ್ಲಿಸಬೇಕು, ಹೆಚ್ಚಿನವರು ನಿಲ್ಲಿಸುವುದಿಲ್ಲ. ಮನಸ್ಸು ಒಂದೇ ಹೊತ್ತಿನಲ್ಲಿ ನಾಲ್ಕಾರು ಹೊಸ ಸಂಗತಿಗಳನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು.

ಒಂದು ಉದಾಹರಣೆ ನೋಡಿ. ಶೇಕಡ 5ರ ಬೇವಿನ ಬೀಜದ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳಿನ ಪುಡಿ ಬೇಕು. ಇದನ್ನು ಕಿವಿಯಲ್ಲಿ ಮಾತ್ರ ಕೇಳಿದವನು ಸಂಜೆಯ ಹೊತ್ತಿಗೆ "ಐದೋ, ಹತ್ತೋ?" ಎನ್ನುತ್ತಾನೆ. ಚೀಟಿಯಲ್ಲಿ ಬರೆದುಕೊಂಡವನಿಗೆ ಆ ತೊಂದರೆಯಿಲ್ಲ. ಬಗೆ ಯಾವುದಾದರೂ ಇರಲಿ, ಅಂಕಿಗಳು ಎಲ್ಲರ ಕಿವಿಯಿಂದಲೂ ಜಾರುತ್ತವೆ.

ಅಮೆರಿಕದ ಕಾಲೇಜೊಂದರ ವಿದ್ಯಾರ್ಥಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದೇ ವಿಷಯವನ್ನು ಕೆಲವರು ಪಾಡ್‌ಕಾಸ್ಟಿನಲ್ಲಿ ಕೇಳಿದರು, ಕೆಲವರು ಓದಿದರು. ಕೇಳಿದವರಿಗೆ ಬಹಳ ಕಡಿಮೆ ಅಂಕಗಳು ಬಂದವು. ಆದರೆ 2016ರ ಇನ್ನೊಂದು ಪರೀಕ್ಷೆಯಲ್ಲಿ, ಕಥೆಯ ಧಾಟಿಯಲ್ಲಿದ್ದ ಪುಸ್ತಕದ ಭಾಗಗಳನ್ನು ಕೊಟ್ಟಾಗ, ಕೇಳಿದವರಿಗೂ ಓದಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದರಿಂದ ತಿಳಿಯುವುದೇನೆಂದರೆ, ವಿಧಾನವನ್ನು ಆರಿಸುವಾಗ ಮಗುವಿನ ಬಗೆಗಿಂತ ಪಾಠದ ಬಗೆಯನ್ನು ನೋಡಬೇಕು. ಚರಿತ್ರೆಯ ಕಥೆ, ಪದ್ಯದ ರಾಗ, ಇಂಗ್ಲಿಷಿನ ಉಚ್ಚಾರ ಇವಕ್ಕೆ ಕಿವಿ ಒಳ್ಳೆಯ ದಾರಿ. ಭೂಪಟಕ್ಕೆ, ಹೃದಯದ ರಚನೆಗೆ ಕಣ್ಣೇ ಬೇಕು. ಲೆಕ್ಕಕ್ಕೆ ಕೈಯಲ್ಲಿ ಸೀಸದಕಡ್ಡಿ ಬೇಕು. ಇದು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತು.

ಮೆಲುಕು ಹಾಕದೆ ಮೈಗೆ ಹತ್ತದು

ಹಸು ಮೇಯುವಾಗ ಹುಲ್ಲನ್ನು ಅರೆಬರೆ ಅಗಿದು ನುಂಗುತ್ತದೆ. ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕಿದಾಗಲೇ ಅದು ಮೈಗೆ ಹತ್ತುವುದು. ಪಾಠ ಕೇಳುವುದು ಮೇವು. ಕೇಳಿದ್ದನ್ನು ತಾನೇ ನೆನೆದು ಹೇಳುವುದು ಮೆಲುಕು.

2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಿ. ವಿದ್ಯಾರ್ಥಿಗಳಲ್ಲಿ ಒಂದು ತಂಡ ಪಾಠವನ್ನು ಎರಡು ಸಲ ಓದಿತು. ಇನ್ನೊಂದು ತಂಡ ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಸ್ವಲ್ಪ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಎರಡು ಸಲ ಓದಿದವರಿಗೆ ಶೇಕಡ 42 ಭಾಗ ನೆನಪಿದ್ದರೆ, ನೆನೆದು ಬರೆದವರಿಗೆ ಶೇಕಡ 56 ಭಾಗ ನೆನಪಿತ್ತು. ಮತ್ತೆ ಮತ್ತೆ ಕೇಳುವುದಕ್ಕಿಂತ ಒಮ್ಮೆ ಕೇಳಿ ಹೇಳಿ ನೋಡುವುದು ಮೇಲೆಂಬುದಕ್ಕೆ ಇದು ದಾರಿ ತೋರುತ್ತದೆ.

ರೇಡಿಯೋ ಇದ್ದ ಹಳ್ಳಿ, ಚರ್ಚೆ ಇದ್ದ ಹಳ್ಳಿ

ಈ ಮಾತಿಗೆ ನಮ್ಮ ನೆರೆಯಲ್ಲಿಯೇ, ರೈತರ ಮಧ್ಯದಲ್ಲಿಯೇ ದೊರೆತ ಸಾಕ್ಷಿಯಿದೆ. 1956ರಲ್ಲಿ ಆಗಿನ ಮುಂಬಯಿ ರಾಜ್ಯಕ್ಕೆ ಸೇರಿದ್ದ ಪುಣೆಯ ಸುತ್ತಿನ ಐದು ಜಿಲ್ಲೆಗಳಲ್ಲಿ ಆಕಾಶವಾಣಿಯೂ ಯುನೆಸ್ಕೋ ಸಂಸ್ಥೆಯೂ ಸೇರಿ ಒಂದು ಪ್ರಯೋಗ ನಡೆಸಿದವು. ಸುಮಾರು 150 ಹಳ್ಳಿಗಳಲ್ಲಿ ರೈತರ ಕೂಟಗಳನ್ನು ಏರ್ಪಡಿಸಲಾಯಿತು. ವಾರಕ್ಕೆ ಎರಡು ಸಲ, ಅರ್ಧ ಗಂಟೆಯ ಕಾರ್ಯಕ್ರಮ, ಒಟ್ಟು ಇಪ್ಪತ್ತು. ಕೂಟದವರು ಒಟ್ಟಿಗೆ ಕುಳಿತು ಕೇಳಿ, ಮುಗಿದ ಕೂಡಲೆ ಆ ವಿಷಯವನ್ನು ತಮ್ಮ ಊರಿಗೆ ಅನ್ವಯಿಸಿ ಚರ್ಚಿಸುತ್ತಿದ್ದರು. ಹೋಲಿಸಿ ನೋಡುವುದಕ್ಕಾಗಿ ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿಗಳನ್ನೂ, ರೇಡಿಯೋ ಇಲ್ಲದ ಹಳ್ಳಿಗಳನ್ನೂ ಆರಿಸಿಕೊಂಡಿದ್ದರು. ಕೊನೆಯಲ್ಲಿ ಪರಿಶೀಲಿಸಿದಾಗ, ಚರ್ಚೆ ನಡೆಸಿದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳವಾಗಿ ಹೆಚ್ಚಿತ್ತು. ರೇಡಿಯೋ ಮಾತ್ರ ಇದ್ದ ಹಳ್ಳಿಗಳಲ್ಲಿ ಅಷ್ಟು ಹೆಚ್ಚಿರಲಿಲ್ಲ. ಅಲ್ಲಿ ಯಾರೂ ರೈತರನ್ನು ಬಗೆಬಗೆಯಾಗಿ ವಿಂಗಡಿಸಿರಲಿಲ್ಲ. ಕೂತು ಮಾತನಾಡಿದ್ದೇ ಫಲ ಕೊಟ್ಟಿತು.

ಮಕ್ಕಳಲ್ಲಿಯೂ ಇದು ಕಂಡುಬಂದಿದೆ. ಮಧ್ಯ ಅಮೆರಿಕದ ನಿಕರಾಗುವ ದೇಶದಲ್ಲಿ 1974ರಲ್ಲಿ ರೇಡಿಯೋ ಮೂಲಕ ಲೆಕ್ಕ ಕಲಿಸುವ ಪ್ರಯತ್ನ ಆರಂಭವಾಯಿತು. ರೇಡಿಯೋದವರು ಪ್ರಶ್ನೆ ಕೇಳಿ ಸುಮ್ಮನಾಗುವರು. ಮಕ್ಕಳು ಗಟ್ಟಿಯಾಗಿ ಉತ್ತರ ಹೇಳುವರು. ಬಳಿಕ ಸರಿಯುತ್ತರ ಕೇಳಿಬರುವುದು. ಹೀಗೆ ಕಲಿತ ಮಕ್ಕಳು ಸಾಮಾನ್ಯ ತರಗತಿಯ ಮಕ್ಕಳಿಗಿಂತ ಹೆಚ್ಚು ಅಂಕ ಪಡೆದರು.

ಮನೆಯಲ್ಲಿ ಹೀಗೆ ಮಾಡಿ

1. ಪಾಠ ಹಾಕುವ ಮೊದಲು ಮಗು ಪುಸ್ತಕದಲ್ಲಿ ಅದೇ ವಿಷಯದ ಪುಟ ತೆರೆದು, ಚಿತ್ರಗಳನ್ನೂ ಹೊಸ ಪದಗಳನ್ನೂ ಒಮ್ಮೆ ನೋಡಲಿ.

2. ಒಂದು ಸಲಕ್ಕೆ ಐದು ಹತ್ತು ನಿಮಿಷ ಕೇಳಿ ನಿಲ್ಲಿಸಲಿ. ಒಂದು ಗಂಟೆಯ ಪಾಠವನ್ನು ಒಂದೇ ಉಸಿರಿಗೆ ಕೇಳುವುದು ಬೇಡ.

3. ನಿಲ್ಲಿಸಿದ ಮೇಲೆ ಫೋನನ್ನು ಕೆಳಗಿಟ್ಟು, ಪುಸ್ತಕ ಮುಚ್ಚಿ, ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಲಿ. ಕೇಳಲು ನೀವು ಕುಳಿತುಕೊಳ್ಳಿ. ಇದಕ್ಕೆ ನಿಮಗೆ ಓದು ಬರಹ ಬರಲೇಬೇಕೆಂದಿಲ್ಲ. "ಏನು ಹೇಳಿದರು? ಅದು ಯಾಕೆ ಹಾಗೆ? ನಮ್ಮ ಹೊಲದಲ್ಲಿ ಅಂಥದ್ದು ಏನಿದೆ?" ಈ ಮೂರು ಪ್ರಶ್ನೆಗಳನ್ನು ಯಾವ ತಾಯಿಯಾದರೂ ರೊಟ್ಟಿ ತಟ್ಟುತ್ತಲೇ ಕೇಳಬಹುದು.

4. ಇಸವಿ, ಅಂಕಿ, ಹೆಸರುಗಳನ್ನು ಬರೆದುಕೊಳ್ಳಲಿ. ಚಿತ್ರ ಬೇಕಾದ ಕಡೆ ತಾನೇ ಚಿತ್ರ ಬರೆಯಲಿ. ಮಾಡಿ ನೋಡಬಹುದಾದ್ದನ್ನು ಮಾಡಿ ನೋಡಲಿ.

5. ಮಾರನೆಯ ದಿನ ಒಮ್ಮೆ, ವಾರ ಕಳೆದು ಇನ್ನೊಮ್ಮೆ ಅದೇ ಪ್ರಶ್ನೆಗಳನ್ನು ಕೇಳಿ. ಮರೆತದ್ದನ್ನು ಮಾತ್ರ ಮತ್ತೆ ಕೇಳಲಿ.

6. ಸಾಧ್ಯವಾದಲ್ಲಿ ನಾಲ್ಕೈದು ಮಕ್ಕಳು ಸೇರಿ ಕೇಳಲಿ. ಶಾಲೆಯ ಜಗಲಿ, ಪಂಚಾಯಿತಿಯ ಅರಿವು ಕೇಂದ್ರ ಇದಕ್ಕೆ ಅನುಕೂಲವಾದ ಸ್ಥಳಗಳು. ಎಲ್ಲರಿಗೂ ಫೋನು ಬೇಕಾಗಿಲ್ಲ, ಒಂದು ಸಾಕು.

7. ದನ ಮೇಯಿಸುವಾಗ, ಕಳೆ ಕೀಳುವಾಗ ಕೇಳುವುದಾದರೆ ಕಲಿತ ಪಾಠವನ್ನೇ ಕೇಳಲಿ. ಹೊಸ ಪಾಠಕ್ಕೆ ಕುಳಿತು ಕೇಳುವುದೇ ಸರಿ. ರಸ್ತೆಯಲ್ಲಿ ಸೈಕಲ್ ತುಳಿಯುವಾಗ, ಮೇವು ಕತ್ತರಿಸುವ ಯಂತ್ರದ ಬಳಿ ಕಿವಿಗೆ ಏನನ್ನೂ ಹಾಕಿಕೊಳ್ಳಬಾರದು.

ಒಂದು ಎಚ್ಚರಿಕೆ

ಮಗುವಿಗೆ ಪದೇ ಪದೇ ಕೇಳಿಸಿದರೂ ತಿಳಿಯದಿದ್ದರೆ ಕಿವಿ ಚೆನ್ನಾಗಿ ಕೇಳಿಸುತ್ತದೆಯೇ ಎಂದೂ, ಓದಲು ತಡವರಿಸಿದರೆ ಕಣ್ಣು ಸರಿಯಾಗಿ ಕಾಣುತ್ತದೆಯೇ ಎಂದೂ ವೈದ್ಯರಲ್ಲಿ ತೋರಿಸಿ. ಕಣ್ಣು ಕಾಣದ ಮಕ್ಕಳಿಗೆ ಮಾತಿನ ಪಾಠ ದೊಡ್ಡ ಆಸರೆ. ಬುದ್ಧಿ ಚುರುಕಾಗಿದ್ದೂ ಅಕ್ಷರಗಳನ್ನು ಕೂಡಿಸಿ ಓದಲು ಬಹಳ ಕಷ್ಟಪಡುವ ಮಕ್ಕಳೂ ಇದ್ದಾರೆ. ಅಂಥವರಿಗೆ ಕೇಳುವ ಪಾಠ ಸಹಾಯಕ. ಆದರೆ ಓದು ಕಲಿಸುವುದನ್ನು ನಿಲ್ಲಿಸದೆ ಶಿಕ್ಷಕರ ನೆರವಿನಿಂದ ಮುಂದುವರಿಸಬೇಕು. ಇವು ಅಗತ್ಯಗಳು, ಇಷ್ಟಾನಿಷ್ಟದ ಮಾತಲ್ಲ.

ರೈತ ಬಾಂಧವರೇ, ಒಂದು ವರ್ಷ ಬೆಳೆ ಕೈಕೊಟ್ಟಿತೆಂದು ಯಾರೂ ಹೊಲವನ್ನು ಬಂಜರೆಂದು ಬಿಡುವುದಿಲ್ಲ. ಬಿತ್ತಿದ ಹದ ನೋಡುತ್ತೀರಿ, ನೀರು ನೋಡುತ್ತೀರಿ, ಕಳೆ ನೋಡುತ್ತೀರಿ. ಮಕ್ಕಳ ಕಲಿಕೆಯಲ್ಲಿಯೂ ಅಷ್ಟೇ ತಾಳ್ಮೆ ಇರಲಿ. ನಿಮ್ಮ ಮಗುವಿಗೆ ಕೇಳಿಸಿರಿ, ಓದಿಸಿರಿ, ಮಾಡಿಸಿರಿ. ಇಂದು ಸಂಜೆಯೇ ಹತ್ತು ನಿಮಿಷ ಬಿಡುವು ಮಾಡಿಕೊಂಡು, ಅದು ಏನು ಕಲಿಯಿತೆಂಬುದನ್ನು ಅದರ ಬಾಯಿಂದಲೇ ಕೇಳಿರಿ.