ಬಿಡುವಿನ ವೇಳೆಯ ಎರಡು ಭಾಷೆ
ಬಸವಕಲ್ಯಾಣ, ಹುಮನಾಬಾದ್‌ಗಳ ಹಿಂದಿನ ತಲೆಮಾರಿನ ದುಡಿಮೆಗಾರರು ಸಿನೆಮಾ ನೋಡುವುದನ್ನು ಸಮಾರಂಭವೆಂದು ಎಣಿಸಿದವರಲ್ಲ. ಸಂತೆ ಮುಗಿಯಿತು, ಬಸ್ಸಿಗೆ ಇನ್ನೂ ಹೊತ್ತಿದೆ. ಮಿರ್ಚಿ ಭಜಿ, ಚಹಾ, ಆಮೇಲೆ ಟಾಕೀಸು. ಆದರೆ ಅಲ್ಲಿ ಕಿವಿಗೆ ಬೀಳುವ ಭಾಷೆ ಯಾವುದೆಂಬುದು ಸಣ್ಣ ಸಂಗತಿಯಾಗಿರಲಿಲ್ಲ.

1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಮನೆಯಲ್ಲಿ ಕನ್ನಡವಾಡಿದ ಬಾಲಕ ಶಾಲೆಯಲ್ಲಿ ಕಲಿತದ್ದು ಉರ್ದು. ಹೀಗಾಗಿ ಹಿಂದಿ ಚಿತ್ರಗಳ ಸಂಭಾಷಣೆ ಅವನಿಗೆ ಪರಕೀಯವೆನಿಸಲಿಲ್ಲ. 1960ರ ‘ಮೊಘಲ್-ಎ-ಆಜಂ’ ಚಿತ್ರದ ಬಿಗಿಯಾದ ಉರ್ದುವನ್ನು ಸವಿಯಲು ಮೈಸೂರಿನ ಪದವೀಧರನಿಗಿಂತ ಬೀದರ ಸೀಮೆಯ ಕಾರಕೂನನೇ ಸಮರ್ಥ!

1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ತೆರೆಕಂಡಿತು. ಹೊನ್ನಪ್ಪ ಭಾಗವತರ್ ಬಸವಣ್ಣನಾದರೆ, ರಾಜಕುಮಾರ್ ಬಿಜ್ಜಳನಾದರು. ತೆರೆಯ ಮೇಲಿನ ರಾಜಧಾನಿ ಕಲ್ಯಾಣದವರದೇ ಊರು. ವಿನೋದವೆಂದರೆ, ಅಲ್ಲಿ ಅರಸನಾಡಿದ ಗ್ರಾಂಥಿಕ ಕನ್ನಡಕ್ಕೂ, ಕಲ್ಯಾಣದ ಕೋಟೆಯ ಸುತ್ತಲ ಓಣಿಗಳಲ್ಲಿ ಉರ್ದು, ಮರಾಠಿಗಳೊಡನೆ ಬೆರೆತ ಕನ್ನಡಕ್ಕೂ ಅಜಗಜಾಂತರ. ಊರು ತಮ್ಮದು, ಮಾತು ಮಾತ್ರ ದೂರದ್ದು. ಮುಂದಿನ ದಶಕಗಳಲ್ಲಿ ಬಡಗಣ ಸೀಮೆಯ ಆಡುನುಡಿ ಕನ್ನಡ ಚಿತ್ರಗಳಿಗೆ ಬಂದಾಗಲೂ ಬಹುಮಟ್ಟಿಗೆ ಅದು ಹಾಸ್ಯನಟರ ಪಾಲಾಯಿತು.