ಮನೆ ಕೊಳ್ಳುವ ಮುನ್ನ ಶಾಲೆಯ ದಾರಿ

ಗೃಹಸ್ಥನಾದವನು ತನ್ನ ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ವೆಚ್ಚ ಮನೆಯದು. ಅದಕ್ಕಾಗಿ ಊರಿನ ಎರಡೆಕರೆ ಹೊಲ ಮಾರಿದವರುಂಟು, ಭವಿಷ್ಯನಿಧಿಯನ್ನು ಬರಿದು ಮಾಡಿಕೊಂಡವರುಂಟು, ಇಪ್ಪತ್ತು ವರ್ಷಗಳ ಬ್ಯಾಂಕಿನ ಕಂತಿಗೆ ಕೊರಳೊಡ್ಡಿದವರುಂಟು. ಇಷ್ಟು ದೊಡ್ಡ ಕಾರ್ಯಕ್ಕೆ ಕೈಯಿಕ್ಕುವಾಗ ನಮ್ಮ ಜನ ಏನೇನನ್ನು ವಿಚಾರಿಸುತ್ತಾರೆ? ಉತಾರ ಸರಿಯಾಗಿದೆಯೇ, ಋಣಭಾರ ಪತ್ರ ತೆಗೆಸಿದ್ದಾಯಿತೇ, ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಾಗಿಲು ಯಾವ ದಿಕ್ಕಿಗಿದೆ ಎಂದೆಲ್ಲ ಕೇಳುತ್ತಾರೆ. (ದಿಕ್ಕಿನ ವಿಚಾರದಲ್ಲಿ ಶರಣರ ನಿಲುವೇನೆಂಬುದು ವಾಚಕರಿಗೆ ತಿಳಿದದ್ದೇ, ಅದನ್ನಿಲ್ಲಿ ಬೆಳೆಸುವುದಿಲ್ಲ.) ಆದರೆ ಆ ಮನೆಯ ಆರು ವರ್ಷದ ಕೂಸು ನಾಳೆ ಬೆಳಿಗ್ಗೆ ಯಾವ ದಾರಿಯಿಂದ ಯಾವ ಶಾಲೆಗೆ ಹೋಗುವುದೆಂಬ ಪ್ರಶ್ನೆ ಮಾತ್ರ ಗೃಹಪ್ರವೇಶದ ಪ್ರಸಾದ ಮುಗಿದ ಮೇಲೆ ಏಳುತ್ತದೆ.

ನಮ್ಮ ಹಿರಿಯರು ಇದನ್ನು ಹೀಗೆ ಕಡೆಗಣಿಸಿದವರಲ್ಲ. ಧಾರವಾಡವನ್ನೇ ನೋಡಿರಿ. ಅಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಬಂದಿತು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಮುರುಘಾಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳ ಸಂಖ್ಯೆ ಸಣ್ಣದಲ್ಲ. ಮೊದಲು ಮಗ ಪ್ರಸಾದನಿಲಯಕ್ಕೆ ಬಂದ, ತರುವಾಯ ತಮ್ಮಂದಿರಿಗಾಗಿ ಒಂದು ಬಾಡಿಗೆಯ ಕೋಣೆ ಹಿಡಿದದ್ದಾಯಿತು, ಕಡೆಗೆ ಅವ್ವ ಒಲೆ ಹೂಡಿದಳು. ಹಾಗೆ ಎಷ್ಟೋ ಕುಟುಂಬಗಳು ಆ ಊರಿನಲ್ಲಿ ಮನೆ ಮಾಡಿದವು. ಶಾಲೆ ಮೊದಲು, ಮನೆ ಆಮೇಲೆ; ಇದು ಅವರ ಕ್ರಮವಾಗಿತ್ತು. ಈಗ ಕ್ರಮ ತಿರುವುಮುರುವಾಗಿದೆ. ಹೆದ್ದಾರಿಯ ಬದಿಗೆ ಬಡಾವಣೆ ಎದ್ದ ಕೂಡಲೇ ಅಗ್ಗದ ಪ್ಲಾಟೆಂದು ಕೊಂಡು, ಅಲ್ಲಿಂದ ಶಾಲೆಯನ್ನು ಹುಡುಕಲು ಹೊರಡುತ್ತೇವೆ.

ಈ ತಿರುವುಮುರುವಿನ ಬೆಲೆಯನ್ನು ಕೊಡುವವರು ಯಾರು? ಒಂದು ಸಾದಾ ಲೆಕ್ಕ ಹಾಕೋಣ. ಊರ ಹೊರಗಿನ ಬಡಾವಣೆಯಿಂದ ಎಂಟು ಕಿಲೋಮೀಟರು ದೂರದ ಶಾಲೆಗೆ ಮಗುವನ್ನು ವ್ಯಾನಿನಲ್ಲಿ ಕಳಿಸುತ್ತೀರಿ. ವ್ಯಾನು ಹತ್ತು ಮನೆಗಳ ಮುಂದೆ ನಿಂತು ಹೋಗುವುದರಿಂದ ಹೋಗಲು ಒಂದು ತಾಸು, ಬರಲು ಒಂದು ತಾಸು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ತಾಸು ಪಾಠ ನಡೆಯಬೇಕು. ದಿನಕ್ಕೆ ಎರಡು ತಾಸಿನಂತೆ 200 ದಿನಕ್ಕೆ ವ್ಯಾನಿನಲ್ಲಿ ಕಳೆಯುವುದು 400 ತಾಸು. ಅಂದರೆ ಮಗು ಎರಡು ತಾಸು ಕಲಿಯುವುದಕ್ಕೆ ಒಂದು ತಾಸಿನ ಸುಂಕ ಕಟ್ಟುತ್ತಿದೆ! ಆ ತಾಸು ಆಟದಿಂದ ಹೋಗುತ್ತದೆ, ನಿದ್ದೆಯಿಂದ ಹೋಗುತ್ತದೆ, ಅಜ್ಜಿಯ ಕಥೆಯಿಂದ ಹೋಗುತ್ತದೆ. ಪ್ಲಾಟಿನಲ್ಲಿ ಉಳಿಸಿದ ಹಣದ ಲೆಕ್ಕ ನಮ್ಮ ನೋಟುಪುಸ್ತಕದಲ್ಲಿರುತ್ತದೆ. ಮಗುವಿನ ತಾಸುಗಳನ್ನು ಬರೆದಿಡುವ ಪುಸ್ತಕವಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದುದು. ಪ್ರಾಥಮಿಕ ಶಾಲೆ ಓಣಿಯಲ್ಲೇ ಇದೆ ಎಂದು ಸಮಾಧಾನಪಟ್ಟು ಮನೆ ಕೊಳ್ಳುವವರು, ನಮ್ಮ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಬಹುಪಾಲು ಏಳನೆಯ ಇಯತ್ತೆಗೆ ಮುಗಿಯುತ್ತವೆಂಬುದನ್ನು ಮರೆಯುತ್ತಾರೆ. ಎಂಟನೆಯ ಇಯತ್ತೆಗೆ ಪ್ರೌಢಶಾಲೆ ಎಲ್ಲಿದೆ? ಅಲ್ಲಿಗೆ ಬಸ್ಸಿದೆಯೇ? ದಾರಿಯಲ್ಲಿ ದೀಪವಿದೆಯೇ, ಅಂಗಡಿಮುಂಗಟ್ಟು ಇವೆಯೇ, ಅಥವಾ ಬರೀ ಜಾಲಿಯ ಪೊದೆಗಳೇ? ಹುಡುಗ ಸೈಕಲ್ಲು ತುಳಿದು ಹೋದಾನು. ಮಗಳ ವಿಷಯ ಬಂದಾಗ ಮನೆಯ ಹಿರಿಯರು ‘ಸಾಕು ಬಿಡು, ದೂರ ಆಗತದ’ ಎಂದುಬಿಡುವುದನ್ನು ನಾವೆಲ್ಲ ಕೇಳಿದ್ದೇವೆ. ಆದ್ದರಿಂದ ಮನೆ ನೋಡುವಾಗ ಒಂದನೆಯ ತರಗತಿಗಲ್ಲ, ಹತ್ತನೆಯ ತರಗತಿಯವರೆಗೆ ದಾರಿ ನೋಡಬೇಕು. ಮಗಳಿರುವ ಮನೆಯಲ್ಲಿ ಇದೇ ಮೊದಲ ಪ್ರಶ್ನೆಯಾಗಬೇಕೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳು ಮನೆ ಕೊಳ್ಳುವಾಗ ಮೊದಲು ಶಾಲೆಯನ್ನೇ ನೋಡುವರೆಂದು ಇಲ್ಲಿಯ ತಂದೆತಾಯಿಗಳು ಬೆರಗಿನಿಂದ ಹೇಳುವುದುಂಟು. ಅದಕ್ಕೆ ಕಾರಣವಿದೆ. ಅಲ್ಲಿ ಸರಕಾರಿ ಶಾಲೆಯ ಪ್ರವೇಶ ಸಾಮಾನ್ಯವಾಗಿ ಮನೆಯ ವಿಳಾಸವನ್ನು ಅವಲಂಬಿಸಿದೆ. ರಸ್ತೆಯ ಈ ಬದಿಯ ಮನೆಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ ಬಾಸ್ಟನ್ ನಗರದ ಹೊರವಲಯದಲ್ಲಿ ಇಂಥ ಗಡಿಯ ಎರಡೂ ಬದಿಯ ಮನೆಗಳ ಬೆಲೆಯನ್ನು ಹೋಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಥಮಿಕ ಶಾಲೆಯ ಪರೀಕ್ಷಾಂಕ ಶೇಕಡ 5ರಷ್ಟು ಹೆಚ್ಚಿದ್ದರೆ ಪಾಲಕರು ಮನೆಗೆ ಶೇಕಡ 2.5ರಷ್ಟು ಹೆಚ್ಚು ಕೊಡಲು ಸಿದ್ಧರಿರುವರೆಂದು ತೋರಿಸಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕದ 2012ರ ನಿಯಮಗಳು ಐದನೆಯವರೆಗೆ ಒಂದು ಕಿಲೋಮೀಟರಿನೊಳಗೆ, ಎಂಟನೆಯವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು ಹೇಳುತ್ತವೆ. ಆದರೆ ಮಗುವನ್ನು ಅಲ್ಲಿಗೇ ಕಳಿಸಬೇಕೆಂಬ ಕಟ್ಟಿಲ್ಲ. ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗೆ ಮೀಸಲಾದ ಶೇಕಡ 25ರ ಪ್ರವೇಶಕ್ಕೆ ಕೆಲವು ವರ್ಷ ಮನೆಯ ವಾರ್ಡು ನಿರ್ಣಾಯಕವಾಗಿತ್ತು. 2019-20ರಿಂದ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದೆಡೆ ಅನುದಾನರಹಿತ ಶಾಲೆಗಳಿಗೆ ಆ ಬಾಧ್ಯತೆ ತಪ್ಪಿತು. ಹೀಗಾಗಿ ನಮ್ಮಲ್ಲಿ ಮನೆಯ ವಿಳಾಸ ಪ್ರವೇಶವನ್ನು ಕೊಡಿಸುವುದಿಲ್ಲ. ದೂರವನ್ನೂ ನೆರೆಹೊರೆಯ ಸಂಗವನ್ನೂ ಮಾತ್ರ ಗೊತ್ತುಮಾಡುತ್ತದೆ. ಆ ಎರಡೇ ಸಾಕಷ್ಟು ದೊಡ್ಡವು.

ಇನ್ನು ಶಾಲೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವ ಬಗೆ. ಎಲ್ಲರೂ ಮೊದಲು ಕೇಳುವುದು ಹತ್ತನೆಯ ತರಗತಿಯ ಫಲಿತಾಂಶ. ಅದನ್ನು ಕೇಳಬೇಕು, ಆದರೆ ಪೂರ್ಣ ನಂಬಬಾರದು. ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ 2023ರಲ್ಲಿ ಶೇಕಡ 83.89 ಇದ್ದುದು, ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ಅಷ್ಟು ದಡ್ಡರಾದರೇ? ಇನ್ನು ನೂರಕ್ಕೆ ನೂರು ಎಂದು ಬ್ಯಾನರು ಕಟ್ಟುವ ಶಾಲೆಯಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದ ಮಕ್ಕಳೆಷ್ಟು, ಹತ್ತನೆಯ ಪರೀಕ್ಷೆಗೆ ಕುಳಿತವರೆಷ್ಟು ಎಂದು ಕೇಳಿ ನೋಡಿರಿ. ದುರ್ಬಲರಿಗೆ ವರ್ಗಾವಣೆ ಪತ್ರ ಕೊಟ್ಟು ಕಳಿಸಿ ಗಳಿಸಿದ ನೂರು, ನೂರಲ್ಲ.

ಕಟ್ಟಡಕ್ಕೂ ಮರುಳಾಗಬಾರದು. ನೋಡಬೇಕಾದುದು ಶಿಕ್ಷಕರನ್ನು. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 35ಕ್ಕೆ ಒಬ್ಬರು ಎಂಬುದು ಕಾಯಿದೆಯ ಪ್ರಮಾಣ. ಕಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು, ಕಳೆದ ಮೂರು ವರ್ಷಗಳಲ್ಲಿ ಬಿಟ್ಟು ಹೋದವರೆಷ್ಟು ಎಂದು ವಿಚಾರಿಸಿರಿ. ವರ್ಷವರ್ಷಕ್ಕೂ ಗುರುಗಳು ಬದಲಾಗುವ ಶಾಲೆಯಲ್ಲಿ ಮಗುವಿನ ಹೆಸರು ಹಿಡಿದು ಕರೆಯುವವರೇ ಇರುವುದಿಲ್ಲ. ಇದನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ, ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತ ತಾಯಂದಿರನ್ನು ಕೇಳುವುದು ಮೇಲು. ಹಾಗೆಯೇ ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿದೆಯೇ ಎಂದು ಮನೆಯ ಹೆಣ್ಣುಮಗಳೊಬ್ಬಳು ಒಳಹೊಕ್ಕು ನೋಡಿ ಬರಲಿ. ಕೇಂದ್ರೀಯ ಪಠ್ಯಕ್ರಮವೆಂದು ಫಲಕ ಹಾಕಿದ್ದರೆ ಮಾನ್ಯತೆಯ ಸಂಖ್ಯೆಯನ್ನು ಕೇಳಿ ಪಡೆಯಬೇಕು. ‘ಬರುವ ವರ್ಷ ಬರುತ್ತದೆ’ ಎಂಬುದು ಉತ್ತರವಲ್ಲ. ಪ್ರತಿಯೊಂದು ಶಾಲೆಗೂ ಯು-ಡೈಸ್ ಎಂಬ 11 ಅಂಕಿಗಳ ಗುರುತು ಇರುತ್ತದೆ. ಅದರಿಂದ ಶಾಲೆಯ ಸ್ಥಿತಿಗತಿಯನ್ನು ಸರಕಾರಿ ದಾಖಲೆಯಲ್ಲಿ ನೋಡಬಹುದು.

ಮಾಧ್ಯಮದ ಪ್ರಶ್ನೆಯನ್ನು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಪಾಲಕರ ಆಯ್ಕೆಗೇ ಬಿಟ್ಟಿದೆ. ಕನ್ನಡದಲ್ಲಿ ಗಟ್ಟಿಯಾಗಿ ಓದಲು ಕಲಿಸುವ ಓಣಿಯ ಶಾಲೆ, ಅರೆಬರೆ ಇಂಗ್ಲಿಷು ಕಲಿಸುವ ದೂರದ ಶಾಲೆಗಿಂತ ಸಣ್ಣ ಮಗುವಿಗೆ ಹಿತವೆಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಪ್ಲಾಟು ಮಾರುವವರು ನಕ್ಷೆಯಲ್ಲಿ ಹಸಿರು ಬಣ್ಣದ ಚೌಕ ತೋರಿಸಿ ‘ಇಲ್ಲಿ ಶಾಲೆ ಬರುತ್ತದೆ’ ಎನ್ನುವರು. ನಾಗರಿಕ ಸೌಲಭ್ಯಕ್ಕೆಂದು ಕಾದಿರಿಸಿದ ಜಾಗ ಶಾಲೆಯೇ ಆಗಬೇಕೆಂದಿಲ್ಲ, ಯಾವಾಗ ಆಗುವುದೆಂಬುದೂ ಗೊತ್ತಿಲ್ಲ. ಮಗು ಮಾತ್ರ ಈ ವರ್ಷವೇ ಆರು ತುಂಬುತ್ತದೆ. ಮನೆ ಕೊಳ್ಳುವಾಗ ಇಂದು ಗಂಟೆ ಬಾರಿಸುತ್ತಿರುವ ಶಾಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲರಿಗೂ ಒಳ್ಳೆಯ ಶಾಲೆಯ ಬದಿಯಲ್ಲೇ ಮನೆ ಕೊಳ್ಳುವ ಶಕ್ತಿ ಇರುವುದಿಲ್ಲ, ನಿಜ. ಅಂಥವರಿಗೆ ಎರಡು ಮಾರ್ಗಗಳು ತೋರುತ್ತವೆ. ಮನೆಯ ಬಳಿಯ ಸರಕಾರಿ ಶಾಲೆ ಸಾಧಾರಣವಾಗಿದ್ದರೆ ಅದರೊಳಗೆ ಹೊಗುವುದು ಒಂದು. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧ ಹೆಣ್ಣುಮಕ್ಕಳಿರಬೇಕು ಎಂದು ಕಾಯಿದೆಯೇ ಹೇಳಿದೆ. ಓದುಬಲ್ಲ ನಾಲ್ಕು ಮನೆಯವರು ಆ ಸಮಿತಿಯಲ್ಲಿ ಕುಳಿತರೆ ಖಾಲಿ ಹುದ್ದೆಗೆ ಅರ್ಜಿ ಹೋಗುತ್ತದೆ, ಬೀಗ ಹಾಕಿದ ಕಪಾಟಿನ ಪುಸ್ತಕಗಳು ಮಕ್ಕಳ ಕೈಗೆ ಬರುತ್ತವೆ. ನಾವು ನಮ್ಮ ಮಕ್ಕಳನ್ನು ಅಲ್ಲಿಂದ ಬಿಡಿಸಿಕೊಂಡು ಹೋದ ಮೇಲೆ ಆ ಶಾಲೆ ಕೆಟ್ಟಿತೆಂದು ಆಡಿಕೊಳ್ಳುವುದು ನ್ಯಾಯವಲ್ಲ.

ಇನ್ನೊಂದು ಮಾರ್ಗ, ಕೊಳ್ಳುವುದನ್ನು ಒಂದು ವರ್ಷ ತಡೆಯುವುದು. ನೀವು ಬಯಸಿದ ಓಣಿಯಲ್ಲಿ ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿದು ಮಗುವನ್ನು ಅಲ್ಲಿಯ ಶಾಲೆಗೆ ಹಾಕಿ ನೋಡಿರಿ. ಬಾಡಿಗೆ ವ್ಯರ್ಥವೆಂದು ಮನೆಯ ಯಜಮಾನರು ಗೊಣಗಿದರೆ ಈ ಲೆಕ್ಕ ಮುಂದಿಡಿರಿ: ತಿಂಗಳಿಗೆ 12 ಸಾವಿರದಂತೆ ಹನ್ನೊಂದು ತಿಂಗಳಿಗೆ 1 ಲಕ್ಷ 32 ಸಾವಿರ. 50 ಲಕ್ಷದ ಮನೆಗೆ ಶೇಕಡ 5ರ ಮುದ್ರಾಂಕ ಶುಲ್ಕವೊಂದೇ 2 ಲಕ್ಷ 50 ಸಾವಿರ. ಮನೆ ಹೊಂದದೆ ಇನ್ನೊಂದು ಕೊಂಡರೆ ಅದನ್ನು ಮತ್ತೊಮ್ಮೆ ತೆರಬೇಕು. ಬಾಡಿಗೆಗೆ ಬರುವುದಾದರೆ ಮೇ ತಿಂಗಳೊಳಗೆ ಬನ್ನಿರಿ. ಜೂನಿನ ಮೊದಲ ಮಳೆಗೆ ಶಾಲೆಯ ಮಾಳಿಗೆ ಸೋರುತ್ತದೆಯೋ ಇಲ್ಲವೋ, ದಾರಿಯ ಹಳ್ಳ ಮಗುವಿನ ಮೊಣಕಾಲಿಗೆ ಬರುತ್ತದೆಯೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುತ್ತದೆ.