ಜಟಾಧಾರಿಯ ಮುನಿಸೆಂದೇ ನಂಬಿದ್ದರು
ಪಡ್ರೆಯ ಮನೆಗಳಲ್ಲಿ ಹರಕೆಯೂ ನಡೆಯುತ್ತದೆ, ಮಾತ್ರೆಯೂ ನಡೆಯುತ್ತದೆ

ಪೆರ್ಲ: ಮಗುವಿಗೆ ಮೊದಲ ಸಲ ಫಿಟ್ಸ್ ಬಂದ ರಾತ್ರಿ ಮನೆಯವರು ಏನು ಮಾಡುತ್ತಾರೆ? ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಹಳೆಯ ಪದ್ಧತಿ ಹೀಗೆ. ಮೊದಲು ಕೈಗೊಂದು ಕಬ್ಬಿಣದ ತುಂಡು ಕೊಡುವುದು. ಆಮೇಲೆ ದೇವರ ಮುಂದೆ ದೀಪ ಹಚ್ಚಿ, ಒಂದು ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ಮುಡಿಪು ತೆಗೆದಿಡುವುದು. ಬೆಳಗಾದ ಕೂಡಲೇ ಮನೆಯ ಯಜಮಾನ ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಡಿಸುವುದು. ನೆರೆಕರೆಯವರು ವಿಚಾರಿಸಲು ಬಂದರೆ "ಪ್ರಶ್ನೆಯಲ್ಲಿ ಏನು ತೋರಿತು?" ಎನ್ನುವುದು ಮೊದಲನೆಯ ಮಾತು. "ಡಾಕ್ಟ್ರು ಏನು ಹೇಳಿದ್ರು?" ಎನ್ನುವುದು ಎರಡನೆಯದು.

ಹಾಗೆಂದು ಇಲ್ಲಿಯವರು ಆಸ್ಪತ್ರೆಗೆ ಹೋಗದವರೇನಲ್ಲ. ಪೆರ್ಲದಿಂದ ಮಂಗಳೂರಿಗೆ, ಪುತ್ತೂರಿಗೆ ಮಕ್ಕಳನ್ನು ಎತ್ತಿಕೊಂಡು ಬಸ್ಸು ಹತ್ತಿದವರಿಗೆ ಲೆಕ್ಕವಿಲ್ಲ. ಅಡಿಕೆ ಮಾರಿದ ದುಡ್ಡು, ಬೀಡಿ ಕಟ್ಟಿದ ದುಡ್ಡು ಎಲ್ಲ ಸ್ಕ್ಯಾನಿಂಗಿಗೇ ಹೋದ ಮನೆಗಳಿವೆ. ಆಸ್ಪತ್ರೆಯ ಫೈಲಿನ ಒಳಗೇ ದೈವದ ಗಂಧಪ್ರಸಾದದ ಪೊಟ್ಟಣ. ಮಧೂರಿಗೆ ಅಪ್ಪದ ಹರಕೆ, ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ, ಬ್ಯಾರಿಗಳಿಗೆ ತಳಂಗರೆ, ಕ್ರಿಸ್ತುವರಿಗೆ ಬೇಳದ ಇಗರ್ಜಿ. ಮದ್ದು ಒಂದು ಕೈಯಲ್ಲಿ, ಹರಕೆ ಇನ್ನೊಂದು ಕೈಯಲ್ಲಿ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಇಲ್ಲಿ ಯಾರಿಗೂ ತೋರಿದ್ದಿಲ್ಲ.

ಆದರೆ ಈ ಎರಡೂ ಸೇರಿ ಒಂದು ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳದೇ ಬಿಟ್ಟವು. ಅದು ಪಡ್ರೆಯ ಕತೆ.

ಗುಡ್ಡದ ಮೇಲೆ ಗೇರು, ಬುಡದಲ್ಲಿ ಮನೆ

ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ ಕಾಸರಗೋಡು ಜಿಲ್ಲೆಯ ಕನ್ನಡ-ತುಳು ಸೀಮೆ. ವಾಣೀನಗರ ಅಲ್ಲಿಯದೇ ಒಂದು ಪೇಟೆ. ಇನ್ನೊಂದು ಜಾಗದ ಹೆಸರು ಸ್ವರ್ಗ. ಗುಡ್ಡದ ಮೇಲೆಲ್ಲ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಬುಡದ ಕಣಿವೆಯಲ್ಲಿ ಮನೆಗಳು, ಅಡಿಕೆ ತೋಟಗಳು. ಕುಡಿಯುವ ನೀರು ಗುಡ್ಡ ಕೊರೆದ ಸುರಂಗದ್ದು, ತೋಡಿನದು. ಮೇಲೆ ಬಿದ್ದದ್ದು ಮಳೆ ಬಂದಾಗ ಕೆಳಗೇ ಇಳಿಯಬೇಕು.

ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆಯ ಕಾಟಕ್ಕೆಂದು ಎಪ್ಪತ್ತರ ದಶಕದ ಕೊನೆಗೆ ಕಾರ್ಪೊರೇಶನ್ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲು ಶುರು ಮಾಡಿತು. 2000ದವರೆಗೂ ಅದು ನಡೆಯಿತು. ಜಿಲ್ಲೆಯಲ್ಲಿ ಕಾರ್ಪೊರೇಶನ್ನಿನ ಗೇರು ತೋಟ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ್ದು. ಊರ ಮಾತಿನಲ್ಲಿ ಅದಕ್ಕೆ "ಮದ್ದು ಬಿಡುವುದು" ಎಂದೇ ಹೆಸರು. ಅಡಿಕೆಗೆ ಬೋರ್ಡೋ ಬಿಟ್ಟರೂ ಮದ್ದು, ಜ್ವರಕ್ಕೆ ಕುಡಿದರೂ ಮದ್ದು, ಹೆಲಿಕಾಪ್ಟರು ಸುರಿದದ್ದೂ ಮದ್ದೇ. ಮಕ್ಕಳಿಗೆ ಅದು ನೋಡುವ ತಮಾಷೆಯೂ ಆಗಿತ್ತು. ಹೆಲಿಕಾಪ್ಟರ್ ಬಂದರೆ ಅಂಗಳಕ್ಕೆ ಓಡದ ಮಗು ಯಾವ ಊರಲ್ಲಿದೆ?

ಮೊದಲು ಕಂಡದ್ದು ಹಟ್ಟಿಯಲ್ಲಿ. 1979ರಲ್ಲಿ ವಾಣೀನಗರದಲ್ಲಿ ಕಾಲು ತಿರುಚಿದ ಕರುಗಳು ಹುಟ್ಟಿದವು. ಪತ್ರಕರ್ತ ಶ್ರೀಪಡ್ರೆಯವರು ಆಗಲೇ ಸಿಂಪಡಣೆಯ ಮೇಲೆ ಸಂಶಯಪಟ್ಟು ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಮನುಷ್ಯರ ಸರದಿ. ಬುದ್ಧಿ ಬೆಳೆಯದ ಮಕ್ಕಳು, ಕೈಕಾಲು ಸೆಟೆದ ಮಕ್ಕಳು, ತಲೆಯಲ್ಲಿ ನೀರು ತುಂಬಿದ ಮಕ್ಕಳು, ಫಿಟ್ಸು, ಚರ್ಮದ ರೋಗ, ಮನೋರೋಗ, ಕ್ಯಾನ್ಸರು, ಗರ್ಭ ನಿಲ್ಲದ ಹೆಂಗಸರು.

ಊರಿಗೇ ಬಂದ ಕಾಯಿಲೆ

ಪಡ್ರೆಯವರು ಇದನ್ನು ಜಟಾಧಾರಿಯ ಮುನಿಸು ಎಂದರು. ಜಟಾಧಾರಿ ಅಲ್ಲಿಯ ದೈವ, ಊರನ್ನು ಕಾಯುವವನು. ಕಾಯುವವನೇ ಮುನಿದರೆ ಯಾರಿಗೆ ಹೇಳುವುದು? ಎಲ್ಲೋ ಸೇವೆಯಲ್ಲಿ ತಪ್ಪಾಗಿದೆ, ಯಾರದೋ ಹಿರಿಯರ ಕಾಲದ ದೋಷ ಇದೆ ಎಂದುಕೊಂಡು ತಂಬಿಲ, ನೇಮ, ಪರಿಹಾರ.

ಹೊರಗಿನವರಿಗೆ ಇದು ಮೂಢನಂಬಿಕೆ. ಅಷ್ಟೇ ಎಂದು ಬಿಟ್ಟರೆ ತಪ್ಪಾಗುತ್ತದೆ. ಮಂಗಳೂರಿನ ಡಾಕ್ಟ್ರು ನೋಡುತ್ತಿದ್ದದ್ದು ಒಂದು ಮಗುವನ್ನು, ಒಂದು ಚೀಟಿಯನ್ನು. ಮೊದಲ ಮಗುವಿನ ತಾಯಿ ಒಂದು ಆಸ್ಪತ್ರೆಗೆ, ಪಕ್ಕದ ಮನೆಯ ಮಗುವಿನ ತಾಯಿ ಇನ್ನೊಂದು ಆಸ್ಪತ್ರೆಗೆ. ಇಬ್ಬರೂ ಒಂದೇ ತೋಡಿನ ನೀರು ಕುಡಿದವರೆಂದು ಯಾವ ಡಾಕ್ಟ್ರಿಗೂ ಗೊತ್ತಾಗುವ ದಾರಿ ಇರಲಿಲ್ಲ. ಇದು ಒಬ್ಬರ ಮನೆಯ ಕಾಯಿಲೆಯಲ್ಲ, ಊರಿಗೇ ಬಂದ ಕಾಯಿಲೆ ಎಂದು ಅರ್ಥ ಮಾಡಿಕೊಂಡಿದ್ದವರು ದೈವದ ಮುಂದೆ ನಿಂತವರೇ. ಕಾರಣ ಮಾತ್ರ ತಪ್ಪಾಗಿತ್ತು.

ಆ ತಪ್ಪಿಗೆ ಬೆಲೆ ತೆತ್ತದ್ದೂ ಅವರೇ. ಮುನಿಸಿಗೆ ಪರಿಹಾರ ನೇಮ. ನೀರಿನ ಪರೀಕ್ಷೆ ಅಲ್ಲ. ದೈವ ಕೊಟ್ಟದ್ದನ್ನು ಹೊರಗೆ ಹೇಳುವುದು ಮರ್ಯಾದೆಗೇಡು. ಹೆಣ್ಣುಮಕ್ಕಳಿರುವ ಮನೆಯಾದರೆ ಇನ್ನೂ ಕಷ್ಟ. "ಆ ಊರಿಂದ ಹೆಣ್ಣು ತರಬೇಡಿ" ಎಂಬ ಮಾತು ಹಬ್ಬಿದರೆ ಮುಗಿಯಿತು. ಹಾಗಾಗಿ ಎಷ್ಟೋ ಮಕ್ಕಳು ಒಳಕೋಣೆಯಲ್ಲೇ ಬೆಳೆದರು. ಮೇಲೆ ಹೆಲಿಕಾಪ್ಟರು ಹಾರುತ್ತಲೇ ಇತ್ತು.

ಲೆಕ್ಕ ಹಿಡಿದ ಡಾಕ್ಟ್ರು

1982ರಿಂದ ವಾಣೀನಗರದಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಊರಿನವರ ನಡುವೆಯೇ ಇದ್ದವರು. ಮನೆ ಮನೆಗೆ ಹೋಗಿ ಮದ್ದು ಕೊಡುವವರು. ಕೇಳಿದಾಗಲೆಲ್ಲ ಅವರಿಗೂ ಸಿಕ್ಕಿದ ಉತ್ತರ ಜಟಾಧಾರಿಯದೇ. ಅವರು ಅದಕ್ಕೆ ಎದುರು ವಾದ ಮಾಡುತ್ತ ಕೂರಲಿಲ್ಲ. ಯಾವ ಮನೆ, ಯಾವ ರೋಗ, ಎಷ್ಟು ಜನ ಎಂದು ಲೆಕ್ಕ ಇಟ್ಟರು. ರೋಗದ ಮನೆಗಳು ಗೇರು ತೋಟದ ಸುತ್ತ, ತೋಡಿನ ಬದಿಯಲ್ಲೇ ಹೆಚ್ಚಾಗಿದ್ದವು. ವೈದ್ಯರ ಪತ್ರಿಕೆಗೂ ಬರೆದರು. ಪಟ್ಟಣದ ದೊಡ್ಡ ಆಸ್ಪತ್ರೆಗಳಿಗೆ ಸಾಧ್ಯವಾಗದ್ದು ಹಳ್ಳಿಯ ಒಂದು ಕ್ಲಿನಿಕ್ಕಿಗೆ ಸಾಧ್ಯವಾಯಿತು, ಏಕೆಂದರೆ ಆ ಮನೆಗಳ ಅಂಗಳ, ಬಾವಿ, ನೆಂಟಸ್ತನ ಎಲ್ಲವೂ ಆ ಡಾಕ್ಟ್ರಿಗೆ ಗೊತ್ತಿತ್ತು.

ಜಿಲ್ಲೆಯ ದಕ್ಷಿಣಕ್ಕೆ ಪೆರಿಯ ಕಡೆಯಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. 2000ದಲ್ಲಿ ಹೊಸದುರ್ಗ ಮುನ್ಸಿಫ್ ಕೋರ್ಟು ಹೆಲಿಕಾಪ್ಟರ್ ಸಿಂಪಡಣೆಗೆ ತಡೆ ಹಾಕಿತು. ಆ ವರ್ಷದ ಬಳಿಕ ಹೆಲಿಕಾಪ್ಟರು ಬರಲಿಲ್ಲ. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಲ್ಯಾಬು ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಇರುವುದನ್ನು ಕಂಡಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲೆ ಮಕ್ಕಳನ್ನು ಸಿಂಪಡಣೆ ಇಲ್ಲದ ಮೀಂಜ ಪಂಚಾಯತಿನ ಮಕ್ಕಳ ಜೊತೆ ಹೋಲಿಸಿ ನೋಡಿತು. 2003ರಲ್ಲಿ ಅಚ್ಚಾದ ಅದರ ಪ್ರಬಂಧದಲ್ಲಿ ಪಡ್ರೆಯ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬ ಮಾತಿತ್ತು.

ಎಲ್ಲರೂ ಒಪ್ಪಿದರು ಎಂದಲ್ಲ. ಕೇಂದ್ರ ನೇಮಿಸಿದ ದುಬೆ ಸಮಿತಿ ಸಂಬಂಧ ಸಿದ್ಧವಾಗಿಲ್ಲ ಎಂದಿತು. ಇಂದಿಗೂ ಹಾಗೆ ವಾದಿಸುವ ವಿಜ್ಞಾನಿಗಳಿದ್ದಾರೆ. ಒಂದೊಂದು ಮಗುವಿನ ಒಂದೊಂದು ರೋಗಕ್ಕೆ ಇದೇ ಕಾರಣ ಎಂದು ಬೆರಳು ತೋರುವುದು ಸುಲಭವಲ್ಲ, ನಿಜ. ಆದರೆ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಈ ವಿಷವನ್ನು ಕೈಬಿಡುವ ಪಟ್ಟಿಗೆ ಸೇರಿಸಿದವು. ಮರು ತಿಂಗಳೇ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆದಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಹೇಳಿತು. ಮೂರು ತಿಂಗಳು ಹೋಗಿ ಐದು ವರ್ಷವಾಯಿತು. 2022ರಲ್ಲಿ ಕೋರ್ಟು ಸರಕಾರವನ್ನು ಗದರಬೇಕಾಯಿತು.

ಶಿಬಿರದಲ್ಲಿ ಕೇಳುವುದು ಚೀಟಿ

ಸರಕಾರದ ಪಟ್ಟಿಯಲ್ಲಿ 11 ಪಂಚಾಯತುಗಳ ಆರು ಸಾವಿರಕ್ಕೂ ಮಿಕ್ಕಿ ಹೆಸರುಗಳು ಸೇರಿದವು. ಸೇರಲು ವೈದ್ಯಕೀಯ ಶಿಬಿರದಲ್ಲಿ ಡಾಕ್ಟ್ರುಗಳು ನೋಡಿ ಒಪ್ಪಬೇಕು. ಇಲ್ಲಿಯೇ ಹಳೆಯ ನಂಬಿಕೆಯ ಇನ್ನೊಂದು ಪೆಟ್ಟು. ಹತ್ತು ವರ್ಷದ ಆಸ್ಪತ್ರೆ ಚೀಟಿ ಜೋಪಾನ ಮಾಡಿದವರು ಕಟ್ಟು ಬಿಚ್ಚಿ ತೋರಿಸಬಹುದು. ದೋಷಪರಿಹಾರಕ್ಕೆಂದೇ ತಿರುಗಿದವರ ಕೈಯಲ್ಲಿ ಏನಿರುತ್ತದೆ? ದೈವಕ್ಕೆ ಕೊಟ್ಟ ಕಾಣಿಕೆಗೆ ರಶೀದಿ ಇಲ್ಲ. ಸಾಲದ್ದಕ್ಕೆ ಅರ್ಜಿಗಳೆಲ್ಲ ಮಲೆಯಾಳದಲ್ಲಿ, ಚೀಟಿಗಳೆಲ್ಲ ಮಂಗಳೂರಿನವು. ಕನ್ನಡ ಮಾತ್ರ ಓದಬಲ್ಲ ತಾಯಂದಿರು ಅರ್ಜಿ ತುಂಬಿಸಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕು.

ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲೂ ಗೇರು ನಿಗಮ ಇದೇ ವಿಷ ಸುರಿದಿತ್ತು. ಅಲ್ಲಿಯ ಮಕ್ಕಳಿಗೆ ಬೇರೆ ಸರಕಾರ, ಬೇರೆ ಪಟ್ಟಿ, ಬೇರೆ ಪಿಂಚಣಿ. ರೋಗಕ್ಕೆ ಗಡಿ ಇಲ್ಲ, ಪರಿಹಾರಕ್ಕೆ ಇದೆ.

ಗಡಿ ಎಂದರೇನೆಂದು 2020ರ ಮಾರ್ಚಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಕೊರೋನಾ ಎಂದು ಕರ್ನಾಟಕ ತಲಪಾಡಿಯ ದಾರಿಗೆ ಮಣ್ಣು ಹಾಕಿತು. ಡಯಾಲಿಸಿಸ್‌ಗೂ ಹೃದಯಾಘಾತಕ್ಕೂ ಮಂಗಳೂರನ್ನೇ ನಂಬಿದ ಕಾಸರಗೋಡಿನವರು ಗಡಿಯಲ್ಲೇ ಉಳಿದರು, ಸತ್ತರು. ಆ ದಿನಗಳಲ್ಲಿ ದೇವಸ್ಥಾನಗಳಿಗೂ ಬೀಗ. ಡಾಕ್ಟ್ರೂ ಇಲ್ಲ, ದೇವರೂ ಇಲ್ಲ ಎಂಬ ಸ್ಥಿತಿ. ಬದಿಯಡ್ಕ-ಪೆರ್ಲ ನಡುವೆ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ಒ.ಪಿ. ಬಾಗಿಲು ತೆರೆದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಜನ ಜೋಯಿಸರಲ್ಲಿಗೆ ಹೋದರೆಂದು ಆಡಿಕೊಳ್ಳುವವರು ಈ ತಾರೀಕುಗಳನ್ನೂ ನೋಡಬೇಕು. ಜೋಯಿಸರ ಮನೆ ಹತ್ತಿರ ಇತ್ತು, ಅವರು ಕನ್ನಡದಲ್ಲಿ ಮಾತಾಡಿದರು, ಹತ್ತು ನಿಮಿಷ ಕೂರಿಸಿ ಕೇಳಿದರು.

ಹರಕೆ ನಿಂತಿಲ್ಲ

ಕಾರಣ ಗೊತ್ತಾದ ಮೇಲೆ ಜಟಾಧಾರಿಯ ಸೇವೆ ನಿಂತಿತೇ? ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಪೂರ್ತಿ ಗುಣಪಡಿಸುವ ಮದ್ದಿಲ್ಲ. ಇಪ್ಪತ್ತು, ಮೂವತ್ತು ವರ್ಷ ಮಗನನ್ನು ಎತ್ತಿ ಸ್ನಾನ ಮಾಡಿಸಿ ಉಣಿಸುವ ತಾಯಿಗೆ ಡಾಕ್ಟ್ರು ಕೊಡುವುದು ಆರು ತಿಂಗಳಿಗೊಮ್ಮೆ ಹತ್ತು ನಿಮಿಷ. ಉಳಿದ ದಿನಗಳಿಗೆ ಅವಳಿಗೆ ಅವಳ ದೈವ ಬೇಕು. ಪೆರ್ಲದಲ್ಲಿ ಬಡ್ಸ್ ಶಾಲೆ ಬಂದ ಮೇಲೆ ಹಗಲು ಸ್ವಲ್ಪ ಉಸಿರಾಡಲು ಸಮಯ ಸಿಕ್ಕಿತು.

ಆದರೆ ಮದ್ದು ಇರುವ ರೋಗಗಳೂ ಇವೆ, ಭಯ ಅಲ್ಲಿದೆ. ತಲೆಯಲ್ಲಿ ನೀರು ತುಂಬುವ ರೋಗಕ್ಕೆ ಬೇಗ ಆಪರೇಷನ್ ಮಾಡಿ ನಳಿಗೆ ಇಟ್ಟರೆ ಮಿದುಳು ಉಳಿಯುವ ಸಾಧ್ಯತೆ ಹೆಚ್ಚು. ಪರಿಹಾರ ಮುಗಿಯಲಿ, ಆಮೇಲೆ ನೋಡುವ ಎಂದು ಎರಡು ತಿಂಗಳು ಬಿಟ್ಟರೆ ಹೋದದ್ದು ಮತ್ತೆ ಬರುವುದಿಲ್ಲ. ಫಿಟ್ಸಿನವರಲ್ಲಿ 100ಕ್ಕೆ 70ರಷ್ಟು ಮಂದಿ ಸರಿಯಾಗಿ ಮಾತ್ರೆ ತಿಂದರೆ ಫಿಟ್ಸ್ ಇಲ್ಲದೇ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೊಂದರೆ ಎಲ್ಲಿ ಎಂದರೆ, ಹರಕೆ ಹೇಳಿದ ತಿಂಗಳಲ್ಲೇ ಮಾತ್ರೆಯೂ ಶುರುವಾಗಿರುತ್ತದೆ. ಫಿಟ್ಸ್ ನಿಲ್ಲುತ್ತದೆ. ಕೀರ್ತಿ ಹರಕೆಗೆ ಹೋಗುತ್ತದೆ, "ಇನ್ನು ಮಾತ್ರೆ ಯಾಕೆ?" ಎಂದು ಅಜ್ಜಿ ಕೇಳುತ್ತಾರೆ. ಫಕ್ಕನೆ ಮಾತ್ರೆ ಬಿಟ್ಟರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರುತ್ತದೆ, ಒಂದರ ಹಿಂದೆ ಒಂದು ಬಂದು ಜೀವಕ್ಕೇ ಬರಬಹುದು.

ನೇಮದಲ್ಲಿ ದೈವವೇ "ವೈದ್ಯರ ಮದ್ದೂ ಆಗಲಿ, ನನ್ನ ಗಂಧವೂ ಇರಲಿ" ಎಂದು ನುಡಿ ಕೊಡುವುದುಂಟು. ಹಾಗೆ ಹೇಳುವ ಜೋಯಿಸರೂ ಇದ್ದಾರೆ. ಆಸ್ಪತ್ರೆಯ ಹತ್ತು ಬೋರ್ಡಿಗಿಂತ ಅಂಥ ಒಂದು ನುಡಿ ಈ ಕಡೆ ಹೆಚ್ಚು ಕೆಲಸ ಮಾಡುತ್ತದೆ.

ಈ ಸೀಮೆಯಲ್ಲಿ ನೇಮ, ಕೋಲಗಳು ಪತ್ತನಾಜೆಯವರೆಗೆ ನಡೆಯುತ್ತವೆ. ಫಿಟ್ಸ್ ಇರುವ ಮಕ್ಕಳನ್ನು ಹರಕೆ ಒಪ್ಪಿಸಲು ಕರೆದುಕೊಂಡು ಹೋಗುವ ಮನೆಯವರು ರಾತ್ರಿಯ ಮಾತ್ರೆ ಚೀಲದಲ್ಲಿ ಇಟ್ಟುಕೊಂಡೇ ಹೊರಡಬೇಕು. ನಿದ್ದೆಗೆಟ್ಟರೆ ಫಿಟ್ಸ್ ಬರುವುದು ಹೆಚ್ಚು, ಆದ್ದರಿಂದ ಗಂಧ ತೆಗೆದುಕೊಂಡ ಕೂಡಲೇ ಮಗುವನ್ನು ಮಲಗಿಸಬೇಕು. ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಬಾಯಿಗೆ ನೀರು, ಚಮಚ ಏನೂ ಬೇಡ. ಒಂದು ಬದಿಗೆ ಮಲಗಿಸಿ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿತೆಂದರೆ ಜೀಪು, ಆಟೋ ಯಾವುದು ಸಿಕ್ಕಿದರೂ ಅದರಲ್ಲಿ ಹತ್ತಿರದ ಆಸ್ಪತ್ರೆಗೆ.